ಗ್ಲೋರಿಯಾ ಎಸ್ತೆಫಾನ್ ಅವರ 'ಮಿ ತಿಯೆರ್ರಾ': ಇದರಲ್ಲಿ ಹಳೆಯದು ಯಾವುದು, ಹೊಸದು ಯಾವುದು?

ರಾತ್ರಿಕೇಳುಗ:

ಎಲ್ಲರಿಗೂ ನಮಸ್ಕಾರ. ಹತ್ತು ದಿನದಿಂದ ಒಂದೇ ಆಲ್ಬಂ ಕೇಳುತ್ತಿದ್ದೇನೆ. 1993ರಲ್ಲಿ ಬಂದ 'ಮಿ ತಿಯೆರ್ರಾ'. 'ನನ್ನ ನೆಲ' ಅಂತ ಅರ್ಥ. ಹಾಡಿದವರು ಕ್ಯೂಬಾ ಮೂಲದ ಅಮೆರಿಕದ ಗಾಯಕಿ ಗ್ಲೋರಿಯಾ ಎಸ್ತೆಫಾನ್, ಹಾಡುಗಳೆಲ್ಲ ಸ್ಪ್ಯಾನಿಷ್‌ನಲ್ಲಿ. ಅವರನ್ನು ನಾನು ಇಷ್ಟು ವರ್ಷ 'ಕೊಂಗಾ' ಹಾಡಿನಿಂದ ಮಾತ್ರ ಬಲ್ಲೆ. ಅದೇ 1985ರ ಇಂಗ್ಲಿಷ್ ಹಾಡು, ಕೇಳಿದವರನ್ನು ಸುಮ್ನೆ ಕೂರಲು ಬಿಡುವುದಿಲ್ಲ. ಅದೇ ಗುಂಗಿನಲ್ಲಿ ಈ ಆಲ್ಬಂ ಹಾಕಿದೆ. ಮೊದಲ ಹಾಡೇ ನಿಧಾನ, ಗಿಟಾರ್, ತಗ್ಗಿದ ದನಿ. ಬೇರೆ ಯಾರದೋ ಹಾಡು ಹಾಕಿಬಿಟ್ಟೆನಾ ಅಂತ ಮತ್ತೆ ಹೆಸರು ನೋಡಿದೆ.

ಈಗ ಬಿಡಲು ಆಗುತ್ತಿಲ್ಲ. ಆದರೆ ತಲೆಯಲ್ಲಿ ಕೆಲವು ಪ್ರಶ್ನೆ ಉಳಿದಿವೆ, ಗೊತ್ತಿದ್ದವರು ದಯವಿಟ್ಟು ಹೇಳಿ.

ಇವು ಹಳೇ ಕ್ಯೂಬಾದ ಹಾಡುಗಳಾ, ಇವರು ಮತ್ತೆ ಹಾಡಿದ್ದಾ? ಕೇಳಿದರೆ 1940ರ ಹಾಡುಗಳಂತೆಯೇ ಇವೆ. ಎಲ್ಲರೂ ಈ ಆಲ್ಬಂ ಬಗ್ಗೆ 'ಸಾಂಪ್ರದಾಯಿಕ ಮತ್ತು ಆಧುನಿಕ ಶೈಲಿಗಳ ಬೆರಕೆ' ಅಂತ ಬರೆಯುತ್ತಾರೆ. ಸಾಂಪ್ರದಾಯಿಕ ಅನ್ನುವುದು ಕಿವಿಗೆ ಬೀಳುತ್ತದೆ. ಆಧುನಿಕ ಎಲ್ಲಿದೆ? ಸಿಂಥಸೈಜರ್ ಅಬ್ಬರ ಇಲ್ಲ, ಡ್ರಮ್ ಮಷಿನ್ ಇಲ್ಲ.

ಇನ್ನೊಂದು ವಿಚಿತ್ರ. ಎರಡನೇ ಹಾಡಿಗೆ, ಅಂದರೆ ಆಲ್ಬಂ ಹೆಸರಿನದೇ ಹಾಡಿಗೆ, ನಾನು ಮೇಜಿನ ಮೇಲೆ ಬೆರಳಲ್ಲಿ ತಾಳ ಹಾಕುತ್ತೇನೆ. ಪ್ರತಿ ಸಲ ಬೇಸ್ ನನಗಿಂತ ಸ್ವಲ್ಪ ಮುಂಚೆ ಬಂದುಬಿಡುತ್ತದೆ. ನನ್ನ ತಾಳವೇ ತಪ್ಪಾ ಅಥವಾ ಅದು ಹಾಗೇನಾ?

ಸ್ಪ್ಯಾನಿಷ್ ನನಗೆ ಬರುವುದಿಲ್ಲ. ಇದನ್ನೂ ಹೇಳಿಬಿಡುತ್ತೇನೆ.

ಬೆರಳತಾಳ:

ನಿಮ್ಮ ತಾಳ ತಪ್ಪಿಲ್ಲ! ಇದನ್ನು ಓದಿ ನನಗೆ ತುಂಬಾ ಖುಷಿಯಾಯಿತು. ನಾನು ಬೇಸ್ ನುಡಿಸುತ್ತೇನೆ, ಈ ಸಂಗೀತ ಕಲಿಯಲು ಕೂತಾಗ ಮೊದಲ ತಿಂಗಳು ಪೂರ್ತಿ ಇದೇ ಜಾಗದಲ್ಲಿ ಎಡವಿದ್ದೆ.

ಪಾಪ್ ಹಾಡುಗಳಲ್ಲಿ ಬೇಸ್ ಮೊದಲ ಎಣಿಕೆಯ ಮೇಲೆ ಗಟ್ಟಿಯಾಗಿ ಕಾಲೂರುತ್ತದೆ. ಒಂದು ಅಂದ ಕೂಡಲೇ ಢಂ. ಕ್ಯೂಬಾದ 'ಸೋನ್' ಶೈಲಿಯಲ್ಲಿ ಬೇಸ್ ಆ 'ಒಂದು' ಅನ್ನುವುದನ್ನೇ ಬಿಟ್ಟುಬಿಡುತ್ತದೆ. ಒಂದು ಸುತ್ತನ್ನು ಎಂಟು ಎಣಿಕೆ ಮಾಡಿಕೊಳ್ಳಿ. ಬೇಸ್ ಬೀಳುವುದು 4 ಮತ್ತು 7ರ ಮೇಲೆ. ಅದೂ ಆ 7ರ ಮೇಲೆ ನುಡಿಸುವ ಸ್ವರ ಮುಂದಿನ ಸುತ್ತಿನ ಕಾರ್ಡಿಗೆ, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪಿಗೆ, ಸೇರಿದ್ದು. ಇನ್ನೂ ಬಾರದ ಸುತ್ತನ್ನು ಮೊದಲೇ ಹೋಗಿ ಕರೆದುಕೊಂಡು ಬಂದ ಹಾಗೆ. ಇದಕ್ಕೆ 'ತುಂಬಾವೊ' ಅನ್ನುತ್ತಾರೆ. ನಿಮಗೆ ಬೇಸ್ ಮುಂಚೆ ಬಂತು ಅನ್ನಿಸಿದ್ದು ಅದಕ್ಕೇ. ಅದು ನಿಜವಾಗಿಯೂ ಮುಂಚೆಯೇ ಬರುತ್ತದೆ.

ಇದರ ಕೆಳಗೆ ಇನ್ನೊಂದು ಇದೆ, 'ಕ್ಲಾವೆ'. ಎರಡು ಮರದ ಕಡ್ಡಿ, ಒಂದಕ್ಕೊಂದು ತಟ್ಟುವುದು, ಅಷ್ಟೇ. ಆದರೆ ಇಡೀ ಸಂಗೀತ ಅದರ ಮೇಲೆ ನಿಂತಿದೆ. ಇದರ ಒಂದು ಸುತ್ತು ಬೇಸಿನ ಎರಡು ಸುತ್ತಿಗೆ ಸಮ, ಅದಕ್ಕೆ ಐದೇ ಪೆಟ್ಟು. 16ರ ತನಕ ಒಂದೇ ಸಮನೆ ಎಣಿಸುತ್ತಾ 1, 4, 7, 11, 13ರ ಮೇಲೆ ಚಪ್ಪಾಳೆ ತಟ್ಟಿ ನೋಡಿ. ಮೊದಲ ಅರ್ಧದಲ್ಲಿ ಮೂರು, ಎರಡನೇ ಅರ್ಧದಲ್ಲಿ ಎರಡು. ಇದು 3-2 ಕ್ಲಾವೆ. ಅರ್ಧಗಳನ್ನು ಅದಲು ಬದಲು ಮಾಡಿದರೆ 2-3, ಅಂದರೆ ಪೆಟ್ಟು 3, 5, 9, 12, 15ರ ಮೇಲೆ. ಹಾಡಿನ ಸಾಲು, ಪಿಯಾನೋ, ಕೊಂಗಾ ಡೋಲು, ತುತ್ತೂರಿ, ಎಲ್ಲವೂ ಈ ಐದು ಪೆಟ್ಟಿಗೆ ಒಪ್ಪಬೇಕು. ಒಪ್ಪದಿದ್ದರೆ ಪಳಗಿದ ಕಿವಿಗೆ ಚುಚ್ಚುತ್ತದೆ. ಕೆಲವು ಹಾಡಲ್ಲಿ ಕಡ್ಡಿಗಳ ಸದ್ದೇ ಕೇಳಿಸುವುದಿಲ್ಲ, ಆದರೂ ಎಲ್ಲರ ಮನಸ್ಸಿನಲ್ಲಿ ಅದು ಓಡುತ್ತಾ ಇರುತ್ತದೆ.

ಈಗ ಹಳೆಯದು ಯಾವುದು ಅನ್ನುವ ಪ್ರಶ್ನೆ. ನನ್ನ ಪ್ರಕಾರ ಈ ಆಲ್ಬಂನಲ್ಲಿ ಹಳೆಯದು ಇದೇ, ತಾಳದ ಒಳಗಿನ ಈ ನಡಿಗೆ. ಹಾಡುಗಳು ಹಳೆಯವಲ್ಲ. ಈ ಆಲ್ಬಂಗಾಗಿ ಹೊಸದಾಗಿ ಬರೆದ ಹಾಡುಗಳು. ನೀವು ಹೇಳಿದ ಮೊದಲ ಹಾಡು ಗ್ಲೋರಿಯಾ ಮತ್ತು ಅವರ ಗಂಡ ಎಮಿಲಿಯೊ ಸೇರಿ ಬರೆದದ್ದು. ಹೆಸರಿನ ಹಾಡು ಎಸ್ತೆಫಾನೊ ಅನ್ನುವ ಕೊಲಂಬಿಯಾದವರು ಬರೆದದ್ದು. (ಎಸ್ತೆಫಾನ್ ಬೇರೆ, ಎಸ್ತೆಫಾನೊ ಬೇರೆ, ನಾನೂ ಬಹಳ ಕಾಲ ಒಬ್ಬರೇ ಅಂದುಕೊಂಡಿದ್ದೆ.) ಬೊಲೆರೊ (ನಿಧಾನದ ಪ್ರೇಮಗೀತೆ), ಸೋನ್, ದಾನ್ಸೋನ್ (ಹಳೇ ಜೋಡಿ ಕುಣಿತದ ಸಂಗೀತ), ಹೀಗೆ ಹಳೇ ಅಚ್ಚುಗಳನ್ನು ತೆಗೆದುಕೊಂಡು ಹೊಸ ಹಾಡು ಎರಕ ಹೊಯ್ದಿದ್ದಾರೆ. 1940ರ ಹಾಡು ಅನ್ನಿಸಿತು ಅಂದರೆ ಅವರು ಅಂದುಕೊಂಡದ್ದು ಸಾಧಿಸಿದ್ದಾರೆ ಅಂತಲೇ ಅರ್ಥ.

ಹೆಸರಿನ ಹಾಡನ್ನೇ ಇನ್ನೊಮ್ಮೆ ಕೇಳಿ. ಮೊದಲು ಕಥೆ ಹೇಳಿದ ಹಾಗೆ ಸಾಲುಗಳು ಬರುತ್ತವೆ. ಆಮೇಲೆ ಒಂದು ತಿರುವಿನಲ್ಲಿ ಗುಂಪು ಒಂದೇ ಸಾಲನ್ನು ಹಾಡುತ್ತದೆ, ಗ್ಲೋರಿಯಾ ಉತ್ತರಿಸುತ್ತಾರೆ, ಮತ್ತೆ ಗುಂಪು, ಮತ್ತೆ ಅವರು. ಈ ಭಾಗಕ್ಕೆ 'ಮೊಂತೂನೊ' ಅಂತ ಹೆಸರು. ಅಲ್ಲಿಂದ ಮುಂದೆ ಹಾಡು ಕುಣಿಯುವವರ ಕೈಗೆ ಹೋದ ಹಾಗೆ.

ಮಳೆಹನಿ:

ತಾಳ ಗೀಳ ನನಗೆ ಗೊತ್ತಿಲ್ಲ. ನನಗೂ ಸ್ಪ್ಯಾನಿಷ್ ಬರುವುದಿಲ್ಲ. ಮೊದಲ ಹಾಡಿನ ಹೆಸರಿನ ಅರ್ಥ 'ನನಗೆ ಉಳಿದಿರುವ ವರ್ಷಗಳಲ್ಲಿ' ಅಂತ ಗೊತ್ತಾದ ದಿನ ಮಾತ್ರ ಆ ಹಾಡನ್ನು ನಾಲ್ಕು ಸಲ ಹಾಕಿಕೊಂಡು ಕೂತಿದ್ದೆ. ಉಳಿದದ್ದು ಎಷ್ಟೇ ವರ್ಷವಿರಲಿ, ಅಷ್ಟರಲ್ಲಿ ನಿನ್ನ ಪ್ರೀತಿ ಮತ್ತೆ ಗಳಿಸುತ್ತೇನೆ ಅನ್ನುವ ಭಾವ. ಆ ದನಿಯಲ್ಲಿ ಎಲ್ಲೂ ಕಿರುಚಾಟ ಇಲ್ಲ, ಅದಕ್ಕೇ ಜಾಸ್ತಿ ತಟ್ಟುತ್ತದೆ.

ಹಳೇಕ್ಯಾಸೆಟ್:

ನನ್ನದು ಸ್ವಲ್ಪ ಬೇರೆ ಮಾತು. ಆಲ್ಬಂ ಚೆನ್ನಾಗಿಲ್ಲ ಅಂತ ಹೇಳುತ್ತಿಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ. ಆದರೆ ಹಳೇ ಕ್ಯೂಬಾದ ಧ್ವನಿಮುದ್ರಣ ಕೇಳಿ ಬೆಳೆದ ಕಿವಿಗೆ ಇದು ಅತಿ ನಯವಾಗಿ ಕೇಳುತ್ತದೆ. ಎಲ್ಲ ವಾದ್ಯವೂ ತೊಳೆದು ಒರೆಸಿ ಇಟ್ಟ ಹಾಗೆ. ಹಳೆಯದರಲ್ಲಿ ಒಂದೇ ಕೋಣೆಯಲ್ಲಿ ಹತ್ತಾರು ಜನ ಸೇರಿ ನುಡಿಸುತ್ತಿದ್ದರು. ಕೊಂಗಾ ಸದ್ದು ಹಾಡುವವರ ಮೈಕಿಗೂ ಸೋರುತ್ತಿತ್ತು, ಯಾರೋ ಹಿಂದೆ ಕೂಗುತ್ತಿದ್ದರು, ಆ ಬೆವರಿನ ವಾಸನೆ ಧ್ವನಿಯಲ್ಲೇ ಇತ್ತು. ಇಲ್ಲಿ ಬೊಲೆರೊ ಹಾಡಿಗೆ ಲಂಡನ್ ಸಿಂಫನಿ ಆರ್ಕೆಸ್ಟ್ರಾದ ಪಿಟೀಲು! ಕೇಳಲು ಸೊಗಸು, ಒಪ್ಪುತ್ತೇನೆ. ಆದರೆ ಇಷ್ಟು ರೇಷ್ಮೆ ಬೇಕಿತ್ತಾ?

ಇನ್ನೊಂದು. ಬೆರಳತಾಳ ಅವರು ಹೇಳಿದ ಮೊಂತೂನೊ ಭಾಗದಲ್ಲಿ ಹಳೇ ಗಾಯಕರು ಅಲ್ಲೇ ನಿಂತ ನಿಲುವಿನಲ್ಲಿ ಸಾಲು ಕಟ್ಟುತ್ತಿದ್ದರು. 'ಸೊನೇರೊ' ಅಂದರೆ ಅದೇ ಅರ್ಥ, ಗುಂಪಿನ ಸಾಲಿಗೆ ಆ ಕ್ಷಣಕ್ಕೆ ಹುಟ್ಟಿದ ಉತ್ತರ ಕೊಡುವವನು. ಗ್ಲೋರಿಯಾ ಹಾಡುವುದು ಬರೆದಿಟ್ಟದ್ದನ್ನು. ಹಾಡು ಬೆಂಕಿ ಹತ್ತುವ ಹೊತ್ತಿಗೆ ಮುಗಿದುಬಿಡುತ್ತದೆ. ಆಧುನಿಕ ಎಲ್ಲಿದೆ ಅಂತ ಕೇಳಿದಿರಲ್ಲ, ಇಲ್ಲಿದೆ ನೋಡಿ. ರೇಡಿಯೋದಲ್ಲಿ ಹಾಕಲು ಅಳತೆ ಮಾಡಿ ಕತ್ತರಿಸಿದ ಹಾಡುಗಳಿವು.

ಕಡಲತೀರ:

ಹಳೇಕ್ಯಾಸೆಟ್ ಅವರೇ, ನಯ ಜಾಸ್ತಿ ಅನ್ನುವುದನ್ನು ನಾನೂ ಅರ್ಧ ಒಪ್ಪುತ್ತೇನೆ. ಆದರೆ ಯಾರು ನುಡಿಸಿದ್ದಾರೆ ಅನ್ನುವುದನ್ನು ಬಿಟ್ಟು ಈ ಆಲ್ಬಂ ಬಗ್ಗೆ ತೀರ್ಮಾನ ಮಾಡಬಾರದು ಅಂತ ನನ್ನ ಅನಿಸಿಕೆ.

ಬೇಸ್ ಪಟ್ಟಿಯಲ್ಲಿ ಒಂದು ಹೆಸರಿದೆ, ಇಸ್ರಾಯೆಲ್ ಲೋಪೆಸ್, ಎಲ್ಲರ ಬಾಯಲ್ಲಿ 'ಕಚಾವೊ'. ಹುಟ್ಟಿದ್ದು 1918ರಲ್ಲಿ, ಹವಾನಾದಲ್ಲಿ. 1930ರ ದಶಕದಲ್ಲಿ ಅಣ್ಣ ಒರೆಸ್ತೆಸ್ ಜೊತೆ ದಾನ್ಸೋನ್ ಸಂಗೀತದ ಕೊನೆಯ ಭಾಗಕ್ಕೆ ಹೊಸ ಲಯ ಸೇರಿಸಿದರು. ಅದೇ ಮುಂದೆ ಮಾಂಬೊ ಆಗಿ ಲೋಕವನ್ನೆಲ್ಲ ಕುಣಿಸಿತು. ಹವಾನಾ ಫಿಲ್ಹಾರ್ಮೋನಿಕ್‌ನಲ್ಲಿ ಸುಮಾರು ಮೂವತ್ತು ವರ್ಷ ನುಡಿಸಿದವರು. 1962ರಲ್ಲಿ ಕ್ಯೂಬಾ ಬಿಟ್ಟರು. ಮಯಾಮಿಯಲ್ಲಿ ಅವರನ್ನು ಕೇಳುವವರೇ ಇಲ್ಲದೆ ಮದುವೆ, ನಾಮಕರಣಗಳಲ್ಲಿ ನುಡಿಸಿಕೊಂಡಿದ್ದ ಕಾಲವೂ ಇತ್ತು. ಈ ಆಲ್ಬಂಗೆ ನುಡಿಸಿದಾಗ ಅವರಿಗೆ 74ರ ಆಸುಪಾಸು. ಹಳೇ ಕಾಲದ ಧ್ವನಿಯನ್ನು ಅನುಕರಿಸಲು ಯಾರನ್ನೋ ಕರೆದದ್ದಲ್ಲ ಇದು, ಆ ಧ್ವನಿ ಕಟ್ಟಿದವರನ್ನೇ ಕರೆದು ಕೂರಿಸಿದ್ದು.

ತುತ್ತೂರಿಗೆ ಅರ್ತುರೊ ಸಂಡೊವಾಲ್, 1990ರಲ್ಲಿ ಕ್ಯೂಬಾದಿಂದ ಹೊರಬಂದವರು. ಸ್ಯಾಕ್ಸೊಫೋನ್ ವಾದಕ ಪಕಿತೊ ಡಿರಿವೇರಾ ಇದ್ದಾರೆ, ಅವರು ಅದಕ್ಕೂ ಹತ್ತು ವರ್ಷ ಮೊದಲೇ ಬಂದವರು. ತಿಂಬಾಲೆ ಅನ್ನುವ ಜೋಡಿ ಡೋಲಿಗೆ ನ್ಯೂಯಾರ್ಕಿನ ಟಿಟೊ ಪುಯೆಂಟೆ. ರೆಕಿಂತೊ ಅನ್ನುವ ಪುಟ್ಟ ಗಿಟಾರ್ ಕೇಳಿಸಿತಲ್ವಾ, ಮಾಮೂಲಿ ಗಿಟಾರಿಗಿಂತ ಮೇಲಿನ ಶ್ರುತಿಯದು, ಬೊಲೆರೊ ಹಾಡುಗಳಲ್ಲಿ ಅಳುವ ಹಾಗೆ ಮೀಟುವುದು? ಅದಕ್ಕೆ ಮೆಕ್ಸಿಕೋದ ಚಮೀನ್ ಕೊರೆಯಾ. ವಾದ್ಯ ಸಂಯೋಜನೆಯಲ್ಲಿ ಹುವಾನಿತೊ ಮಾರ್ಕೆಸ್, ಅವರೂ ಕ್ಯೂಬಾದ ಹಿರಿಯರು. ಇವರಲ್ಲಿ ಕ್ಯೂಬಾದ ನೆಲ ಬಿಟ್ಟು ಬೇರೆ ಬೇರೆ ವರ್ಷಗಳಲ್ಲಿ, ಬೇರೆ ಬೇರೆ ದಾರಿಯಲ್ಲಿ ಬಂದ ಹಲವರು ಸೇರಿ ಆ ನೆಲದ ಹೆಸರಿನ ಆಲ್ಬಂ ಮಾಡಿದ್ದಾರೆ.

ಇನ್ನು ಗ್ಲೋರಿಯಾ. 1957ರಲ್ಲಿ ಹವಾನಾದಲ್ಲಿ ಹುಟ್ಟಿದರು. ಕ್ರಾಂತಿಯ ನಂತರ ಅವರ ಮನೆಯವರು ಮಯಾಮಿಗೆ ಬಂದಾಗ ಈಕೆ ತೀರಾ ಪುಟ್ಟ ಮಗು, ಎರಡು ವರ್ಷದ ಆಸುಪಾಸು. ತಂದೆ ಕ್ಯೂಬಾದ ಹೊಸ ಸರ್ಕಾರದ ವಿರುದ್ಧ ನಡೆದ 1961ರ ಬೇ ಆಫ್ ಪಿಗ್ಸ್ ದಾಳಿಯಲ್ಲಿ ಹೋಗಿ ಸೆರೆಯಾದರು, ಬಿಡುಗಡೆಯಾಗಿ ಬಂದ ಮೇಲೆ ಅಮೆರಿಕ ಸೈನ್ಯ ಸೇರಿ ವಿಯೆಟ್ನಾಂಗೂ ಹೋದರು. ವಾಪಸ್ ಬಂದ ಮೇಲೆ ಕಾಯಿಲೆ ಬಿದ್ದರು, ಹುಡುಗಿಯಾಗಿದ್ದ ಗ್ಲೋರಿಯಾ ಅವರನ್ನು ನೋಡಿಕೊಂಡರು. ಯೋಚನೆ ಮಾಡಿ, ಎರಡು ವರ್ಷದ ಮಗುವಿಗೆ ಊರಿನ ಯಾವ ಬೀದಿ ನೆನಪಿರುತ್ತದೆ? 'ನನ್ನ ನೆಲ' ಅಂತ ಅವರು ಹಾಡುವ ನೆಲ ದೊಡ್ಡವರ ಬಾಯಿಂದ, ಮನೆಯಲ್ಲಿ ಹಾಕುತ್ತಿದ್ದ ಹಾಡುಗಳಿಂದ ಬಂದದ್ದು. ಕಣ್ಣಿಂದ ಕಂಡು ಉಳಿದದ್ದಲ್ಲ. ಹಳೇಕ್ಯಾಸೆಟ್ ಅವರಿಗೆ ನಯ ಅನ್ನಿಸಿದ್ದರಲ್ಲಿ ಸ್ವಲ್ಪ ಇದೂ ಇರಬಹುದು. ಕೇಳಿ ಕೇಳಿ ಮನಸ್ಸಿನಲ್ಲಿ ಕಟ್ಟಿಕೊಂಡ ಊರಿನಲ್ಲಿ ಧೂಳು ಇರುವುದಿಲ್ಲ, ಅಲ್ವಾ.

ಒಂದು ಸಣ್ಣ ತಿದ್ದುಪಡಿಯನ್ನೂ ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಎಲ್ಲ ಕಡೆ ತಪ್ಪಾಗಿ ಬರೆಯುತ್ತಾರೆ. ಇದು ಅವರು ಸ್ಪ್ಯಾನಿಷ್‌ನಲ್ಲಿ ಹಾಡಿದ ಮೊದಲ ಆಲ್ಬಂ ಅಲ್ಲ. ಒಬ್ಬರೇ ಹೆಸರಿನಲ್ಲಿ ಬಂದ ಮೊದಲ ಸ್ಪ್ಯಾನಿಷ್ ಆಲ್ಬಂ. ಅವರು ಹಾಡುತ್ತಿದ್ದ ಮಯಾಮಿ ಸೌಂಡ್ ಮಷಿನ್ ತಂಡ ಇಂಗ್ಲಿಷ್‌ಗೆ ಬಂದದ್ದು 1984ರಲ್ಲಿ, ಅದಕ್ಕೂ ಮೊದಲು ಅವರು ಸ್ಪ್ಯಾನಿಷ್‌ನಲ್ಲಿ ಹಲವು ಆಲ್ಬಂ ಮಾಡಿದ್ದರು.

ಮಳೆಹನಿ:

ಧೂಳು ಇರುವುದಿಲ್ಲ ಅನ್ನುವ ಸಾಲು ಓದಿ ಸುಮ್ನೆ ಕೂತುಬಿಟ್ಟೆ.

ಬೆರಳತಾಳ:

ಕಡಲತೀರ ಅವರೇ, ಕಚಾವೊ ಬಗ್ಗೆ ಬರೆದದ್ದಕ್ಕೆ ಧನ್ಯವಾದ. ಅವರಿಗೆ ಆಮೇಲೆ ಒಳ್ಳೆಯ ಕಾಲ ಬಂತು, ಅದನ್ನೂ ಹೇಳಬೇಕು. ನಟ ಆಂಡಿ ಗಾರ್ಸಿಯಾ 1993ರಲ್ಲೇ ಅವರ ಬಗ್ಗೆ ಸಾಕ್ಷ್ಯಚಿತ್ರ ಮಾಡಿದರು. ಮರುವರ್ಷ ಅವರದೇ ಹೆಸರಿನಲ್ಲಿ ಬಂದ ಆಲ್ಬಂಗೆ ಗ್ರ್ಯಾಮಿಯೂ ಬಂತು. 2008ರಲ್ಲಿ ತೀರಿಕೊಳ್ಳುವ ತನಕ ಜನ ಅವರನ್ನು ಹುಡುಕಿಕೊಂಡು ಹೋಗುತ್ತಿದ್ದರು.

ಈಗ ಆಧುನಿಕ ಎಲ್ಲಿದೆ ಅನ್ನುವುದಕ್ಕೆ ನನ್ನ ಉತ್ತರ. ಎಮಿಲಿಯೊ ಜೊತೆ ಆಲ್ಬಂ ನಿರ್ಮಿಸಿದವರು ಹೋರ್ಹೆ ಕಾಸಾಸ್ ಮತ್ತು ಕ್ಲೇ ಆಸ್ಟ್‌ವಾಲ್ಡ್. ಇಬ್ಬರೂ ಗ್ಲೋರಿಯಾ ಅವರ ಇಂಗ್ಲಿಷ್ ಪಾಪ್ ಹಾಡುಗಳಲ್ಲಿ ಪಳಗಿದ ಕೈ. ಹಾಡು ಎಲ್ಲಿ ಶುರುವಾಗಬೇಕು, ಕೇಳುಗನ ಮನಸ್ಸು ಯಾವ ಸಾಲಿಗೆ ಅಂಟಿಕೊಳ್ಳುತ್ತದೆ, ಎಷ್ಟು ಹೊತ್ತಿಗೆ ನಿಲ್ಲಿಸಬೇಕು, ಇದೆಲ್ಲ ಪಾಪ್ ಬುದ್ಧಿ. ಅದು ವಾದ್ಯದಲ್ಲಿ ಇಲ್ಲ, ಹಾಡು ಕಟ್ಟಿದ ರೀತಿಯಲ್ಲಿ ಇದೆ. ನೀವು ಸಿಂಥಸೈಜರ್ ಹುಡುಕಿದ್ದಕ್ಕೆ ಸಿಗಲಿಲ್ಲ.

ಇದನ್ನು ಇನ್ನೂ ಚೆನ್ನಾಗಿ ಅರ್ಥ ಮಾಡಿಕೊಳ್ಳಲು ಅದೇ 1993ರ ಇನ್ನೊಂದು ಆಲ್ಬಂ ಪಕ್ಕಕ್ಕೆ ಇಟ್ಟುಕೊಂಡು ಕೇಳಿ. ಕೊಲಂಬಿಯಾದ ಕಾರ್ಲೋಸ್ ವಿವೆಸ್ ಅವರ 'ಕ್ಲಾಸಿಕೋಸ್ ದೆ ಲಾ ಪ್ರೊವಿನ್ಸಿಯಾ'. ಆ ದೇಶದ ಕೆರಿಬಿಯನ್ ಕಡೆಯ ಹಳ್ಳಿ ಸಂಗೀತ ವಾಯೆನಾತೊ. ಅಕಾರ್ಡಿಯನ್, ಕಾಹಾ ಅನ್ನುವ ಸಣ್ಣ ಡೋಲು, ಕೆರೆಯುವ ಗ್ವಾಚರಾಕಾ, ಈ ಮೂರೇ ಅದರ ಬೇರು. ವಿವೆಸ್ ಹಳೇ ವಾಯೆನಾತೊ ಹಾಡುಗಳನ್ನೇ ತೆಗೆದುಕೊಂಡರು, ಎಗಿದಿಯೊ ಕ್ವಾದ್ರಾದೊ ಅವರ ಅಕಾರ್ಡಿಯನ್ ಉಳಿಸಿಕೊಂಡರು, ಸುತ್ತ ಬೇಸ್, ಗಿಟಾರ್, ಡ್ರಮ್ಸ್ ಇಟ್ಟರು. ಅಂದರೆ ಹಳೇ ಹಾಡು, ಹೊಸ ಧ್ವನಿ. ಗ್ಲೋರಿಯಾ ಮಾಡಿದ್ದು ಇದಕ್ಕೆ ತದ್ವಿರುದ್ಧ. ಹೊಸ ಹಾಡು, ಹಳೇ ಧ್ವನಿ. ಅದಕ್ಕೂ ಎರಡು ವರ್ಷ ಮೊದಲು ಮೆಕ್ಸಿಕೋದ ಲೂಯಿಸ್ ಮಿಗೆಲ್ ಹಳೇ ಬೊಲೆರೊಗಳನ್ನು ಹೊಸ ಪಿಟೀಲು ಸಂಯೋಜನೆಯಲ್ಲಿ ಹಾಡಿ ಯುವಕರನ್ನೂ ಸೆಳೆದಿದ್ದರು. 'ಬೆರಕೆ' ಅಂತ ಒಂದೇ ಪದದಲ್ಲಿ ಬರೆದರೆ ಇಷ್ಟೂ ಬೇರೆ ಬೇರೆ ಕೆಲಸ ಒಂದೇ ಅನ್ನಿಸಿಬಿಡುತ್ತದೆ. ನನಗೆ ಆ ಪದದ ಮೇಲೆ ಸಿಟ್ಟಿರುವುದು ಇದಕ್ಕೇ.

ಹೊಸ ಹಾಡು ಬರೆಯುವುದು ಜಾಸ್ತಿ ಅಪಾಯದ ದಾರಿ ಅಂತ ನನಗನ್ನಿಸುತ್ತದೆ. ಹಳೇ ಹಾಡಿಗೆ ಜನರ ಪ್ರೀತಿ ಮೊದಲೇ ಇರುತ್ತದೆ. ಹೊಸದಕ್ಕೆ ಏನೂ ಇರುವುದಿಲ್ಲ.

ಅಂದ ಹಾಗೆ, 1993ರ ಜುಲೈನಲ್ಲಿ ಅಮೆರಿಕದ ಸಂಗೀತ ಪತ್ರಿಕೆ ಬಿಲ್‌ಬೋರ್ಡ್ ಲ್ಯಾಟಿನ್ ಆಲ್ಬಂಗಳಿಗೆ ಪ್ರತ್ಯೇಕ ಪಟ್ಟಿ ಶುರು ಮಾಡಿತು. ಅದರ ಮೊದಲ ನಂಬರ್ ಒನ್ ಇದೇ ಆಲ್ಬಂ. ಒಟ್ಟು 58 ವಾರ ಆ ಜಾಗದಲ್ಲಿತ್ತು. ಟ್ರಾಪಿಕಲ್ ಲ್ಯಾಟಿನ್ ವಿಭಾಗದ ಗ್ರ್ಯಾಮಿಯನ್ನೂ ಗೆದ್ದಿತು. ಇಂಗ್ಲಿಷ್‌ನಲ್ಲಿ ಗೆಲ್ಲುತ್ತಿದ್ದ ಗಾಯಕಿ ಅದನ್ನು ಬದಿಗಿಟ್ಟು ಬಂದರೂ ಜನ ಕೈಬಿಡಲಿಲ್ಲ.

ಹಳೇಕ್ಯಾಸೆಟ್:

ಬೆರಳತಾಳ ಅವರೇ, ಹೊಸ ಹಾಡು ಹಳೇ ಧ್ವನಿ ಅನ್ನುವ ಮಾತು ಚೆನ್ನಾಗಿದೆ, ನಾನು ಹಾಗೆ ನೋಡಿರಲಿಲ್ಲ. ಆದರೂ ಲಂಡನ್ ಪಿಟೀಲಿನ ಬಗ್ಗೆ ನನ್ನ ಮಾತು ವಾಪಸ್ ತೆಗೆದುಕೊಳ್ಳುವುದಿಲ್ಲ. ಕಚಾವೊ ಪಕ್ಕದಲ್ಲಿದ್ದಾಗ ಅವರಿಗೆ ಇನ್ನೂ ಎರಡು ನಿಮಿಷ ಜಾಗ ಬಿಡಬೇಕಿತ್ತು.

ರಾತ್ರಿಕೇಳುಗ ಅವರೇ, ನಿಮಗೆ ಒಂದು ಸಲಹೆ. ಈ ಆಲ್ಬಂ ಜೊತೆ ಕಚಾವೊ 1957ರಲ್ಲಿ ಹವಾನಾದಲ್ಲಿ ಮಾಡಿದ 'ದೆಸ್ಕಾರ್ಗಾ' ಮುದ್ರಣಗಳನ್ನು ಕೇಳಿ. ಬೇರೆ ಕಡೆ ಕೆಲಸ ಮುಗಿಸಿ ಬಂದ ವಾದ್ಯಗಾರರು ಬೆಳಗಿನ ಜಾವ ಸೇರಿ ನುಡಿಸಿದ್ದು. ಆ ವರ್ಷವೇ ಗ್ಲೋರಿಯಾ ಹುಟ್ಟಿದ್ದು ಅಂತ ಈಗ ಕಡಲತೀರ ಅವರು ಬರೆದದ್ದು ನೋಡಿ ಹೊಳೆಯಿತು. ಒಂದೇ ಊರು, ಒಂದೇ ವರ್ಷ.

ರಾತ್ರಿಕೇಳುಗ:

ಇಷ್ಟೆಲ್ಲ ಬರೆದಿದ್ದೀರಿ, ಎಲ್ಲರಿಗೂ ಮನಸಾರೆ ಧನ್ಯವಾದ. ನಿನ್ನೆ ರಾತ್ರಿ ಹೇಳಿದ ಹಾಗೇ ಮಾಡಿದೆ. ಮೊದಲು ಹಾಡು ಹಾಕದೆ ಬರೀ 1, 4, 7, 11, 13 ತಟ್ಟುತ್ತಾ ಕೂತೆ, ಹತ್ತು ನಿಮಿಷ ಆದ ಮೇಲೆ ಎಣಿಸುವುದು ನಿಂತು ಕೈ ತಾನೇ ಹೋಗತೊಡಗಿತು. ಆಮೇಲೆ ಹಾಡು ಹಾಕಿದೆ. ಶುರುವಿನಲ್ಲಿ ನನ್ನ ಚಪ್ಪಾಳೆ ಹಾಡಿನ ಜೊತೆ ಜಗಳ ಆಡುತ್ತಿತ್ತು, ಅರ್ಧ ಸುತ್ತು ಬಿಟ್ಟು 2-3 ಆಗಿ ಹಿಡಿದೆ, ಕೂತುಕೊಂಡಿತು. ಎಲ್ಲವೂ ಒಂದೇ ಸಲ ಜಾಗಕ್ಕೆ ಬಂದು ನಿಂತ ಹಾಗೆ ಅನ್ನಿಸಿತು. ಬೇಸ್ ಮುಂಚೆ ಬರುತ್ತಿದೆ ಅಂತ ಈಗ ಅನ್ನಿಸುವುದಿಲ್ಲ, ನನ್ನನ್ನು ಎಳೆದುಕೊಂಡು ಹೋಗುತ್ತಿದೆ ಅನ್ನಿಸುತ್ತದೆ. ಸರಿ ಹಿಡಿದಿದ್ದೇನಾ, ಬೆರಳತಾಳ ಅವರೇ?

ಗುಂಪು ಹಾಡುವ ಭಾಗ ಬಂದಾಗ ಮಾತ್ರ ತಟ್ಟುವುದು ನಿಲ್ಲಿಸಿಬಿಟ್ಟೆ. ಈ ಆಲ್ಬಂನಲ್ಲಿ ಊರು ಬಿಟ್ಟು ಬಂದವರು ಅಷ್ಟು ಜನ ಇದ್ದಾರೆ ಅಂತ ಗೊತ್ತಾದ ಮೇಲೆ ಆ ಜಾಗ ಬೇರೆ ಥರ ಕೇಳಿಸುತ್ತಿದೆ.

ಬೆರಳತಾಳ:

ಜಗಳ ನಿಂತು ಕೂತುಕೊಂಡಿತು ಅಂದರೆ ಸರಿ ಹಿಡಿದಿದ್ದೀರಿ ಅಂತಲೇ. ಮುಂದಿನ ಸಲ ಎಡಗೈಯಲ್ಲಿ ಕ್ಲಾವೆ, ಬಲಗೈಯಲ್ಲಿ ಬೇಸಿನ 4 ಮತ್ತು 7. ಕಷ್ಟ ಆಗುತ್ತದೆ, ಬಿಡಬೇಡಿ. ಕೊನೆಯ ಹಾಡು 'ತ್ರಾದಿಸಿಯೋನ್' ಮಾತ್ರ ಈಗಲೇ ಬೇಡ, ಅದರ ಓಟಕ್ಕೆ ಸೇರಲು ಇನ್ನೊಂದು ವಾರ ಬೇಕು.